ಮೂಗು ಹಿಡಿದು ಕುಡಿದ ಬೆಲ್ಲದ ನೀರು

ನಮ್ಮ ಮನೆಯಲ್ಲಿ ಎಡೆ ಹಿಡಿಯುವ ಮುಂಚೆ ಅಡುಗೆಯ ರುಚಿ ನೋಡುವ ಹಾಗಿಲ್ಲ. ಮದುವೆಯಾಗಿ ಇಳಕಲ್ಲಿಗೆ ಬಂದ ಹೊಸದರಲ್ಲಿ ಸೌಟಿನಿಂದ ಒಂದು ಹನಿ ಸಾರು ಅಂಗೈಗೆ ಬಿಟ್ಟುಕೊಂಡು ನೆಕ್ಕಲು ಹೋಗಿದ್ದೆ. ಅತ್ತೆ ನನ್ನ ಕೈಯನ್ನು ಗಾಳಿಯಲ್ಲೇ ಹಿಡಿದರು.

“ದೇವರಿಗಿಂತ ಮೊದಲ ಉಣ್ಣಾಕಿ ಏನ್ ನೀ? ವಾಸನಿ ಮ್ಯಾಲ ತಿಳ್ಕೋಬೇಕು.”

ನಾನು ವಿಜ್ಞಾನ ಓದಿದವಳು, ಸುಮ್ಮನಿರುವುದು ಹೇಗೆ? ಉಪ್ಪಿಗೆ ವಾಸನೆ ಎಲ್ಲಿಂದ ಬರಬೇಕು ಅಂದೆ. ಅತ್ತೆ ವಾದಕ್ಕೆ ಇಳಿಯಲಿಲ್ಲ. ಕುದಿಯುವ ಪಾತ್ರೆಯ ಮೇಲೆ ಬಾಗಿ, ಉಗಿ ಎಳೆದುಕೊಂಡು, “ಚಿಟಿಕಿ ಕಡಿಮಿ ಐತಿ” ಅಂದರು. ಉಂಡು ನೋಡಿದರೆ ಹೌದು, ಚಿಟಿಕೆಯಷ್ಟೇ ಕಡಿಮೆಯಿತ್ತು. ನನಗೆ ಮೈಯೆಲ್ಲ ಉರಿಯಿತು. ಎಷ್ಟೋ ದಿನ ತಲೆ ಕೆಡಿಸಿಕೊಂಡ ಮೇಲೆ ಒಂದು ಕಾರಣ ಹೊಳೆಯಿತು. ನೀರಿಗೆ ಉಪ್ಪು ಬಿದ್ದರೆ ಅದರಲ್ಲಿ ಅಡಗಿ ಕೂತ ಕೊತ್ತಂಬರಿ, ಜೀರಿಗೆಗಳ ಪರಿಮಳಕ್ಕೆ ಜಾಗ ಸಾಲದೆ ಅದು ಉಗಿಯ ಜೊತೆ ಹೊರಗೆ ಬೀಳುತ್ತದೆ. ಅತ್ತೆ ಮೂಸುತ್ತಿದ್ದದ್ದು ಉಪ್ಪನ್ನಲ್ಲ, ಉಪ್ಪು ಹೊರದಬ್ಬಿದ ಮಸಾಲೆಯನ್ನು. ಅಷ್ಟು ಗೊತ್ತಾದ ಮೇಲೆ ನನ್ನ ಮೂಗೂ ಹಟ ಹಿಡಿದು ಕಲಿಯಿತು.

ಕೆಲವು ವರ್ಷದ ನಂತರ ಅತ್ತೆ ಒಲೆಯ ಮುಂದಿನಿಂದ ಎದ್ದು ಬಾಗಿಲ ಬಳಿಯ ಸ್ಟೂಲಿಗೆ ಹೋದರು. ಮೊಣಕಾಲು ನೋವು ಅಂದರು. “ನಿನ್ನ ಮೂಗು ಚಲೋ ಐತಿ. ಇನ್ನ ಒಲಿ ನಿಂದು” ಅಂದರು. ಡಿಗ್ರಿ, ಬಿ.ಎಡ್. ಎಲ್ಲದರ ಸರ್ಟಿಫಿಕೇಟು ಟ್ರಂಕಿನಲ್ಲಿ ಮಡಿಚಿ ಇಟ್ಟಿದ್ದೇನೆ. ಆದರೆ ನಾನು ಮೆರೆದದ್ದು ಈ ಒಂದು ಮಾತಿನ ಮೇಲೆ.

ಆಮೇಲೆ ಆ ಜ್ವರ ಬಂತು. ಊರಿಗೆಲ್ಲ ಬಂದ ಹಾಗೆ ನನಗೂ ಬಂತು, ಹೋಯಿತು. ಹೋಗುವಾಗ ಮೂಗನ್ನು ಕಟ್ಟಿಕೊಂಡು ಹೋಯಿತು. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿ ಮಸುಕಾಗಿ ತಿಳಿಯುತ್ತಿದ್ದವು. ಅದರಾಚೆ ಏನೂ ಇಲ್ಲ. ಈರುಳ್ಳಿಗೂ ಸೇಬಿಗೂ ಭೇದವಿಲ್ಲ. ಬಾಗಲಕೋಟೆಯಲ್ಲಿ ತರಬೇತಿಯಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಅಲ್ಲಿನ ಡಾಕ್ಟರರ ಹತ್ತಿರ ಹೋದೆ. “ಒಬ್ಬೊಬ್ಬರಿಗೆ ತಾನಾಗೇ ಬರ್ತೈತ್ರಿ, ಒಬ್ಬೊಬ್ಬರಿಗೆ ಇಲ್ಲ. ಬಂದ್ರೂ ಮೊದಮೊದಲ ಎಲ್ಲಾ ಕೆಟ್ಟ ನಾತ ಹೊಡೀತೈತಿ. ದಿನಾ ನಾಕು ವಾಸನಿ ತಗೊಂಡು ಅಭ್ಯಾಸ ಮಾಡ್ರಿ” ಅಂದರು. ಮಗ್ಗಿ ಬಾಯಿಪಾಠ ಮಾಡಲು ಹೇಳಿದ ಹಾಗಿತ್ತು.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಒಲೆ ಹೋಗುತ್ತದೆ ಅನ್ನಿಸಿತು. ನಗಬೇಡಿ. ಅಡುಗೆಮನೆ ಹೆಣ್ಣಿಗೆ ಸಂಕೋಲೆ ಎಂದು ವೇದಿಕೆ ಮೇಲೆ ನಾನೂ ಭಾಷಣ ಮಾಡಿದ್ದೇನೆ. ಆದರೂ ಅತ್ತೆ ಕೊಟ್ಟದ್ದನ್ನು ಅವರ ಕಣ್ಣೆದುರೇ ಕಳೆದುಕೊಳ್ಳಲು ನನಗೆ ಹೆದರಿಕೆಯಾಯಿತು. ಅಳತೆಯ ಚಮಚ ತಂದೆ. ಇಷ್ಟು ಬೇಳೆಗೆ ಇಷ್ಟು ನೀರು, ಇಷ್ಟು ನೀರಿಗೆ ಇಷ್ಟು ಉಪ್ಪು ಎಂದು ಪ್ರಯೋಗಶಾಲೆಯ ಹಾಗೆ ಅಡುಗೆ ನಡೆಯಿತು. ಸಾರು ಕುದಿಯುವಾಗ ಅತ್ತೆ ಸ್ಟೂಲಿನಿಂದಲೇ, “ಉಪ್ಪು ಹೆಂಗೈತಿ?” ಎಂದು ಕೇಳುತ್ತಿದ್ದರು. ನಾನು ಉಗಿಗೆ ಮುಖ ಒಡ್ಡಿ, ಎಳೆದುಕೊಂಡ ಹಾಗೆ ಮಾಡಿ, ಅವರ ಮುಖ ನೋಡುತ್ತಿದ್ದೆ. ಅವರ ಹುಬ್ಬು ಗಂಟಾಗದಿದ್ದರೆ ಅಡುಗೆ ಪಾಸಾದಂತೆ.

“ಬರೋಬ್ಬರಿ ಐತ್ರಿ ಅತ್ತಿ.”

“ಹೌದು, ಬರೋಬ್ಬರಿ ಐತಿ.”

ಮನೆಯವರು ಒಂದು ದಿನ ಊಟ ಮಾಡುತ್ತ, “ಈಗೀಗ ಸಾರು ದಿನಾ ಒಂದ ನಮೂನಿ ಆಗಾಕತ್ತೈತಿ” ಅಂದರು. ಅವರು ಹೊಗಳಿದ್ದು. ಚಮಚದ ಗುಟ್ಟು ಬಯಲಾದೀತೆಂದು ನಾನು ಅವರಿಗೆ ಇನ್ನೊಂದು ಸೌಟು ಸಾರು ಸುರಿದೆ.

ಮನೆಯಲ್ಲಿ ಹತ್ತಿಕ್ಕಿದ್ದು ಶಾಲೆಯಲ್ಲಿ ಹೊರಬಂತು. ನಾನು ವಿಜ್ಞಾನ ಕಲಿಸುವ ಹೈಸ್ಕೂಲು ಅಮೀನಗಡದ ಆಚೆಯ ಒಂದು ಹಳ್ಳಿಯಲ್ಲಿದೆ. ಇಳಕಲ್ಲಿನಿಂದ ಹುನಗುಂದದ ಮೇಲೆ ಅಮೀನಗಡದವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಲ್ಯಾಬಿನ ಬೀರುವಿನಲ್ಲಿ ಒಡೆದ ಪ್ರನಾಳಗಳು, ಹೆಸರು ಅಳಿಸಿಹೋದ ಸೀಸೆಗಳು. ಶನಿವಾರ ಮುಂಜಾನೆ ಶಾಲೆ ಇರುತ್ತದಲ್ಲ, ಅವತ್ತು ಒಂಬತ್ತನೆಯ ತರಗತಿಯವರಿಗೆ ತಿನ್ನಬಹುದಾದ ಪ್ರಯೋಗ ಮಾಡಿಸುತ್ತೇನೆ ಎಂದು ಹೊರಟೆ. ಲ್ಯಾಬಿನಲ್ಲಿ ಏನನ್ನೂ ಬಾಯಿಗೆ ಹಾಕಬಾರದು ಎಂಬ ಮೊದಲ ಪಾಠ ಕೆಡಬಾರದೆಂದು ಬಿಸಿಯೂಟದ ಅಡುಗೆಕೋಣೆಯ ಪಡಸಾಲೆಯಲ್ಲಿ ಕೂಡಿಸಿದೆ. ಲ್ಯಾಬಿನ ಒಂದು ಗ್ಲಾಸೂ ಈ ಕಡೆ ಬರಕೂಡದು. ಲೋಟ, ಚಮಚ ಮನೆಯಿಂದಲೇ ತರಬೇಕು. ಕೈ ತೊಳೆದವರಿಗಷ್ಟೇ ಪ್ರವೇಶ. ಬೆಂಕಿಯ ಹತ್ತಿರ ನಾನೊಬ್ಬಳೇ.

ಮೊದಲ ಶನಿವಾರ ನಿಂಬೆ ಶರಬತ್ತು. ಸಕ್ಕರೆ, ಉಪ್ಪು, ನಿಂಬೆರಸ, ಕೊನೆಗೆ ಚಿಟಿಕೆ ಅಡುಗೆಸೋಡಾ. ಲೋಟದ ತುಂಬ ಬುಸುಗುಟ್ಟಿ ನೊರೆ ಎದ್ದಿತು, ಮಕ್ಕಳು ಹೋ ಎಂದವು. ಆಮ್ಲ, ಪ್ರತ್ಯಾಮ್ಲ, ಹೊರಟ ಅನಿಲ ಯಾವುದು, ಎಲ್ಲ ಹೇಳಿದೆ. ಅಲ್ಲಿಗೆ ಪಾಠ ಮುಗಿಯಬೇಕಿತ್ತು. ನಾನು ಬಿಡಲಿಲ್ಲ.

“ಹೆಂಗೈತಿ?”

“ಹುಳಿ ಐತ್ರಿ ಅಕ್ಕೋರ.”

“ಎಂಥಾ ಹುಳಿ? ಹುಣಸಿಹಣ್ಣಿನ ಹುಳಿಯೋ, ಮಜ್ಜಿಗಿ ಹುಳಿಯೋ? ನಿಂಬಿ ಅಂತ ಹೆಂಗ ಗೊತ್ತಾತು?”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ನಾನೂ ಒಂದು ಲೋಟ ಎತ್ತಿ ಕುಡಿದೆ. ಗುಳ್ಳೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು, ನಿಂಬೆ ಮಾತ್ರ ಬರಲಿಲ್ಲ. ಮಕ್ಕಳು ಅದಕ್ಕೂ ನಕ್ಕವು.

ಮುಂದಿನ ವಾರ ಹಾಲು ಒಡೆಸಿದೆವು. ಅದರ ಮುಂದೆ ಜೋಳದ ಹಿಟ್ಟು. ಒಂದು ಬೋಗುಣಿಗೆ ತಣ್ಣೀರು, ಇನ್ನೊಂದಕ್ಕೆ ಕುದಿಯುವ ಎಸರು. ತಣ್ಣೀರಿನ ಮುದ್ದೆ ತಟ್ಟಿದರೆ ಬಿರಿದು ಚೂರಾಯಿತು. ಎಸರಿನದು ಜಿಗುಟಾಗಿ ರೊಟ್ಟಿಯಾಯಿತು. ಬಿಸಿನೀರು ಕುಡಿದು ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಅಂಟಿಲ್ಲದ ಜೋಳಕ್ಕೆ ಅದೇ ಅಂಟು ಎಂದೆ. ಮುಂದಿನ ಸಾಲಿನ ಒಬ್ಬಳು ಹುಡುಗಿ, ಉದ್ದ ಜಡೆ, ಅದಕ್ಕಿಂತ ಉದ್ದ ನಾಲಿಗೆ, “ಇದು ನಮ್ಮವ್ವ ದಿನಾ ಮಾಡ್ತಾಳ್ರಿ, ಆಕಿಗೆ ಯಾರೂ ಮಾರ್ಕ್ಸ್ ಕೊಡಂಗಿಲ್ಲ” ಅಂದಳು. ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಆ ರೊಟ್ಟಿಯನ್ನು ಹಂಚಿನ ಮೇಲಿಂದ ತೆಗೆದು ಮೂಗಿನ ಹತ್ತಿರ ಹಿಡಿದೆ. ಬಿಸಿ ಇತ್ತು. ಅಷ್ಟೇ ಇತ್ತು.

ವಾರ ಹೋದಂತೆ ನನ್ನ ಪ್ರಯೋಗಗಳು ಘಾಟು ಏರುತ್ತ ಹೋದವು. ಅಜವಾನ, ಇಂಗು, ಹಸಿ ಬೆಳ್ಳುಳ್ಳಿ. ಪಾಠದಲ್ಲಿ ಅವಕ್ಕೆ ಜಾಗವಿದೆಯೋ ಇಲ್ಲವೋ, ನಾನು ಜಾಗ ಮಾಡಿದೆ. ಹೆಡ್‌ಮಾಸ್ತರರು ಕಿಟಕಿಯಲ್ಲಿ ಇಣುಕಿ, “ಇದು ಸಾಲಿ ಏನ್ರಿ ಮೇಡಮ್ಮರ, ಖಾನಾವಳಿ ಏನ್ರಿ?” ಎಂದು ಕೇಳಿದರು. ಖಾನಾವಳಿಯಲ್ಲಿ ಉಂಡವರಿಗೆ ರುಚಿಯಾದರೂ ತಿಳಿಯುತ್ತದೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಬಾದಾಮಿಗೆ ಪ್ರವಾಸ ಹೋದಾಗ ಬಂಡೆಯ ಒಂದು ಕತ್ತಲೆ ಸಂದಿನ ಮುಂದೆ ಬಾವಲಿಯ ನಾತಕ್ಕೆ ಮಕ್ಕಳೆಲ್ಲ ಮೂಗಿಗೆ ಬಟ್ಟೆ ಹಿಡಿದು ನಿಂತವು. ನಾನು ನೆಟ್ಟಗೆ ಒಳಗೆ ನಡೆದು, ಮೇಲೆ ನೋಡುತ್ತ ಬಂಡೆಯ ಪದರಗಳ ಬಗ್ಗೆ ಪಾಠ ಮಾಡಿದೆ. ಉದ್ದ ಜಡೆಯವಳು ಹೊರಗೆ ನಿಂತು ನನ್ನನ್ನೇ ನೋಡುತ್ತಿದ್ದಳು.

ನಾನು ಸಿಕ್ಕಿಬಿದ್ದದ್ದು ನಾನೇ ಹೆಣೆದ ಬಲೆಯಲ್ಲಿ. ರುಚಿಯ ಅರ್ಧ ಕೆಲಸ ಮೂಗಿನದು ಎಂದು ತೋರಿಸಲು ಒಂದು ಪ್ರಯೋಗ ಇಟ್ಟೆ. ಒಂದು ಲೋಟದಲ್ಲಿ ಬೆಲ್ಲದ ನೀರು, ಇನ್ನೊಂದರಲ್ಲಿ ಅಷ್ಟೇ ಸಿಹಿಯ ಸಕ್ಕರೆ ನೀರು. ಕಣ್ಣು ಕಟ್ಟಿ, ಮೂಗು ಹಿಡಿದು ಒಂದು ಗುಟುಕು. ಯಾವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ, ಎರಡೂ ಬರಿ ಸಿಹಿ. ಬಾಯಲ್ಲಿ ಇಟ್ಟುಕೊಂಡೇ ಮೂಗು ಬಿಟ್ಟರೆ ಸಾಕು, “ಬೆಲ್ಲಾ!” ಎಂದು ಕುಣಿಯುತ್ತಿದ್ದವು. ಇಷ್ಟು ಚಂದದ ಪ್ರಯೋಗ ನಾನು ಮಾಡಿಸಿದ್ದೇ ಇಲ್ಲ. ಅದಕ್ಕೇ ಮಕ್ಕಳು ನನ್ನನ್ನೂ ಹಿಡಿದವು.

“ಅಕ್ಕೋರ, ನೀವೂ ಮಾಡ್ರಿ!”

ಬೇಡ ಅನ್ನಲು ಕಾರಣ ಸಿಗಲಿಲ್ಲ. ಕಣ್ಣಿಗೆ ಯಾರದೋ ಕರವಸ್ತ್ರ ಬಿತ್ತು. ನಾನೇ ಮೂಗು ಹಿಡಿದುಕೊಂಡೆ, ಕುಡಿದೆ. ಸಿಹಿ. “ಮೂಗು ಬಿಡ್ರಿ” ಎಂದು ಕೂಗಿದವು. ಬಿಟ್ಟೆ. ಸಿಹಿ. ಅವರೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿರುವುದು ಕಿವಿಗೆ ತಿಳಿಯುತ್ತಿತ್ತು. ಏನಾದರೂ ಹೇಳಬೇಕು.

“ಬೆಲ್ಲ” ಅಂದೆ.

ಪಡಸಾಲೆ ನಗೆಯಲ್ಲಿ ಮುಳುಗಿತು. ನನಗೆ ಕೊಟ್ಟದ್ದು ಸಕ್ಕರೆ ನೀರು. ಕರವಸ್ತ್ರ ಕಿತ್ತೆ. ಎಲ್ಲರೂ ನಗುತ್ತಿದ್ದರು, ಉದ್ದ ಜಡೆಯವಳೊಬ್ಬಳನ್ನು ಬಿಟ್ಟು. ಲೋಟ ತೊಳೆಯುವ ನೆಪದಲ್ಲಿ ನನ್ನ ಹತ್ತಿರ ಬಂದು ಮೆಲ್ಲಗೆ, “ನಿಮಗ ವಾಸನಿ ಬರಂಗಿಲ್ಲೇನ್ರಿ ಅಕ್ಕೋರ?” ಅಂದಳು.

“ನಿನ್ನ ಲೋಟಾ ತೊಳಿ ಮೊದಲ” ಎಂದು ಗದರಿದೆ. ಸಿಟ್ಟು ಮೂಗಿನ ತುದಿಯಲ್ಲಿ ಅನ್ನುತ್ತಾರೆ, ನನ್ನ ಮೂಗಿನಲ್ಲಿ ಉಳಿದದ್ದು ಅದೊಂದೇ.

ಆಗ ಶ್ರಾವಣ ಹತ್ತಿರ ಬಂದಿತ್ತು. ಶ್ರಾವಣದ ಕೊನೆಯ ಸೋಮವಾರ ನಮ್ಮ ಮನೆಗೆ ಮಠದ ಅಯ್ಯನವರು ಪ್ರಸಾದಕ್ಕೆ ಬರುತ್ತಾರೆ. ಅವತ್ತು ಹೋಳಿಗೆ, ಕಟ್ಟಿನ ಸಾರು, ಪಲ್ಯ, ಕೋಸಂಬರಿ. ಎಡೆ ಹಿಡಿದು, ಅಯ್ಯನವರ ಊಟವಾಗುವವರೆಗೆ ಮನೆಯಲ್ಲಿ ಒಬ್ಬರೂ ಬಾಯಿಗೆ ಏನೂ ಹಾಕುವುದಿಲ್ಲ. ಸಾರು, ಪಲ್ಯಕ್ಕೆ ನನ್ನ ಅಳತೆಯ ಚಮಚವಿತ್ತು. ಹೂರಣದ್ದೇ ಹೆದರಿಕೆ. ಬೆಂದ ಕಡಲೆಬೇಳೆಗೆ ಬೆಲ್ಲ ಹಾಕಿ ಒಲೆಯ ಮೇಲೆ ತಿರುವುವಾಗ ಯಾವ ಕ್ಷಣದಲ್ಲಿ ಇಳಿಸಬೇಕೆಂದು ಚಮಚ ಹೇಳುವುದಿಲ್ಲ.

ಹಾಗಾಗಿ ಹಿಂದಿನ ಶನಿವಾರ ಮಕ್ಕಳಿಗೆ ಬೆಲ್ಲದ ಪಾಕದ ಪ್ರಯೋಗ ಇಟ್ಟೆ. ನಿಜ ಹೇಳಬೇಕೆಂದರೆ ಅದು ನನಗಾಗಿ ಇಟ್ಟದ್ದು. ಬೆಲ್ಲ ಕರಗಿ, ನೊರೆ ಬಂದು, ನೀರು ಹೋದ ಹಾಗೆ ಹದ ಬದಲಾಗುವುದನ್ನು ಒಂದೊಂದೇ ಹನಿ ತಣ್ಣೀರಿಗೆ ಬಿಟ್ಟು ನೋಡಿದೆವು. ಮೊದಲು ಕರಗಿಹೋಗುತ್ತದೆ, ಆಮೇಲೆ ಮೆತ್ತನೆಯ ಉಂಡೆಯಾಗುತ್ತದೆ, ಆಮೇಲೆ ಟಣ್ ಎನ್ನುವ ಕಲ್ಲು. ಬಣ್ಣವೂ ಹೊನ್ನಿನಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಗಟ್ಟಿಪಾಕಕ್ಕೆ ಚಿಟಿಕೆ ಸೋಡಾ ಹಾಕಿದಾಗ ಬುರುಬುರು ಉಬ್ಬಿದ ಮಿಠಾಯಿಗೆ ಮಕ್ಕಳು ಬಡಿದಾಡಿದವು. ನಾನು ಮಾತ್ರ ಬಣ್ಣವನ್ನೇ ಕಣ್ಣಲ್ಲಿ ತುಂಬಿಕೊಂಡೆ. ಮೂಗಿಲ್ಲದಿದ್ದರೆ ಕಣ್ಣಿದೆಯಲ್ಲ. ಜೊತೆಗೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಅತ್ತೆ ಇದ್ದಾರೆ, ಒಂದು ಕಾಳು ಸೀದರೂ ಕೂಗದೆ ಬಿಡುವವರಲ್ಲ.

ಸೋಮವಾರ ನಸುಕಿನಲ್ಲೇ ಮಿಂದು ಒಲೆ ಹಚ್ಚಿದೆ. ಪಕ್ಕದ ಓಣಿಯ ಮಗ್ಗಗಳು ಆಗಲೇ ಬಡಿಯುತ್ತಿದ್ದವು. ಹೂರಣ ತಿರುವುತ್ತ ಬಣ್ಣ ನೋಡಿದೆ, ಹೊನ್ನಿನ ಬಣ್ಣ. ಅತ್ತೆಯ ಮುಖ ನೋಡಿದೆ, ಅಂಗಳದ ತುಳಸಿಯಷ್ಟು ಶಾಂತ. ಅವರು ಸ್ಟೂಲನ್ನು ಒಲೆಯ ಹತ್ತಿರಕ್ಕೇ ಎಳೆದುಕೊಂಡಿದ್ದರು, ನನ್ನ ಕಡೆಯೇ ನೋಡುತ್ತಿದ್ದರು. ಅವರಿಗೆ ಏನೂ ಅನ್ನಿಸಿಲ್ಲವೆಂದರೆ ಇನ್ನೂ ಸ್ವಲ್ಪ ಇರಲಿ ಎಂದು ಪಲ್ಯದ ಕಡೆ ತಿರುಗಿದೆ. ಮತ್ತೆ ಬಂದು ಮೇಲೆ ಮೇಲೆ ತಿರುವಿದೆ. ಮತ್ತೆ ಅವರ ಮುಖ ನೋಡಿದೆ. ಅವರು ಆಯಿತೆಂಬಂತೆ ತಲೆ ಆಡಿಸಿದರು. ಇಳಿಸಿ, ಮೇಲಿನದನ್ನು ತೋಡಿಕೊಂಡು ರುಬ್ಬಿ ಹೋಳಿಗೆ ಮಾಡಿದೆ. ದೇವರ ಗದ್ದುಗೆಯ ಮುಂದೆ ಎಡೆ ಹಿಡಿದೆವು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಮನೆಯವರು ಅಯ್ಯನವರನ್ನು ಕರೆದುಕೊಂಡು ಬಂದರು. ಹೊಸ್ತಿಲು ದಾಟುತ್ತಲೇ ಮನೆಯವರ ಮೂಗು ಸೊಟ್ಟಗಾದದ್ದು ಕಂಡೆ. ಏನೋ ಹೇಳಲು ಬಾಯಿ ತೆರೆದವರು ಅಯ್ಯನವರನ್ನು ನೋಡಿ ಮುಚ್ಚಿಕೊಂಡರು. ಪಾದಪೂಜೆಯಾಯಿತು, ಎಲೆ ಹಾಕಿ ಬಡಿಸಿದೆ. ಅಯ್ಯನವರು ಹೋಳಿಗೆ ಮುರಿದು ಬಾಯಿಗಿಟ್ಟು ಎಲೆಯಲ್ಲಿ ಉಳಿದದ್ದನ್ನು ತಿರುವಿ ನೋಡಿದರು.

“ತುಪ್ಪಾ ತಗೊಂಡ ಬರ್ರಿ ತಾಯಿ” ಅಂದರು. ಸುರಿದೆ. ತಿಂದರು. “ಇನ್ನೊಂದೀಟು ಹಾಕ್ರಿ.” ಇನ್ನೂ ಸುರಿದೆ. ಹೋಳಿಗೆ ಚೆನ್ನಾಗಿದೆ ಎಂದೇ ತುಪ್ಪ ಕೇಳುತ್ತಿದ್ದಾರೆಂದು ಹಿಗ್ಗಿದೆ ನಾನು. ಅವರು ಎಲೆಯಲ್ಲಿ ಒಂದು ಚೂರೂ ಬಿಡದೆ ಉಂಡು, “ಪ್ರಸಾದಕ್ಕ ರುಚಿ ನೋಡಬಾರದು” ಎಂದು ಹರಸಿ ಎದ್ದರು.

ಅವರು ಓಣಿಯ ತಿರುವು ದಾಟಿದ್ದೇ ತಡ, ಮನೆಯವರು ಅಡುಗೆಮನೆಗೆ ನುಗ್ಗಿದರು.

“ಓಣಿ ತುಂಬ ಸೀದ ವಾಸನಿ ಹೊಡ್ಯಾಕತ್ತೈತಿ! ಇಬ್ಬರೂ ಇಲ್ಲೇ ಕುಂತಿದ್ರಿ, ಒಬ್ಬರಿಗೂ ಗೊತ್ತಾಗ್ಲಿಲ್ಲೇನು?”

ಹೂರಣದ ಪಾತ್ರೆ ಎತ್ತಿ ತೋರಿಸಿದರು. ತಳದಲ್ಲಿ ಕರಿ ಚಕ್ಕೆ. ತಳ ಹಿಡಿದದ್ದು ಮೇಲಿನಿಂದ ನೋಡುವ ಕಣ್ಣಿಗೆ ಹೇಗೆ ಕಾಣಬೇಕು? ಬೆಲ್ಲದ ಬಣ್ಣಗಳ ಪಾಠವನ್ನು ಮಕ್ಕಳಿಗೆ ಅಷ್ಟು ಜೋರಾಗಿ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಅವರು ಪಾತ್ರೆ ಕುಕ್ಕಿ ಹೊರಗೆ ಹೋದರು. ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ಆಗ ನನಗೆ ಅವರ ಮಾತಿನ ಎರಡನೆಯ ಅರ್ಧ ಕೇಳಿಸಿತು. ಒಬ್ಬರಿಗೂ. ಪಾತ್ರೆಗೆ ನನಗಿಂತ ಹತ್ತಿರ ಕೂತಿದ್ದವರು ಅತ್ತೆ.

“ಅತ್ತಿ, ನಿಮಗ ವಾಸನಿ ಬರ್ಲಿಲ್ಲೇನ್ರಿ?”

“ನಿನಗ ಬರ್ಲಿಲ್ಲೇನು?”

ಅತ್ತೆ ಸೆರಗಿನ ಅಂಚು ತೀಡುತ್ತ ಕೂತಿದ್ದರು. ಆಮೇಲೆ ನೆಲ ನೋಡಿಕೊಂಡು ಹೇಳಿದರು.

“ನಂದು ಹೋಗಿ ಭಾಳ ವರ್ಷ ಆತವಾ. ಒಲಿ ನಿನ್ನ ಕೈಯಾಗ ಕೊಟ್ಟೆನಲ್ಲ, ಮೊಣಕಾಲಿಗಲ್ಲ. ಮೂಗಿಗೆ.”

ನಾನು ಅವರ ಎದುರು ನೆಲಕ್ಕೆ ಕೂತೆ.

“ಮತ್ತ ಇಷ್ಟ ದಿನಾ ಉಪ್ಪು ಬರೋಬ್ಬರಿ ಐತಿ ಅಂತ ಹೆಂಗ ಹೇಳ್ತಿದ್ರಿ?”

“ನಿನ್ನ ಮುಖಾ ನೋಡಿ.”

ನಾನು ನಕ್ಕೆನೋ ಅತ್ತೆನೋ ಹೇಳಲಾರೆ. ಒಂದು ವರ್ಷಕ್ಕೂ ಮಿಕ್ಕಿ ನಾನು ಅವರ ಮುಖ ನೋಡುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿದ್ದರು, ನಡುವೆ ಸಾರು ತನ್ನ ಪಾಡಿಗೆ ಕುದಿಯುತ್ತಿತ್ತು. ನನ್ನದನ್ನೂ ಹೇಳಿದೆ, ಜ್ವರ, ಬಾಗಲಕೋಟೆ, ಡಾಕ್ಟರು ಎಲ್ಲ. ಅತ್ತೆ ಬೈಯಲಿಲ್ಲ. “ಪಾಪ, ಆ ಅಯ್ಯಾರು ಎಲ್ಲಾ ತಿಂದ್ರಲ್ಲ” ಅಂದರು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು, ಹೊರಗೆ ಕೂತವರಿಗೆ ಕೇಳದ ಹಾಗೆ ನಕ್ಕೆವು.

ಶನಿವಾರದವರೆಗೆ ಕಾಯದೆ ಮರುದಿನವೇ ಉಳಿದ ಹೋಳಿಗೆ ಕಟ್ಟಿಕೊಂಡು ಶಾಲೆಗೆ ಹೋದೆ. ಸುಟ್ಟ ಸಕ್ಕರೆ ಏಕೆ ಕಹಿ ಎನ್ನುವ ಪಾಠ. ಪಾಠದ ಮೊದಲೇ ನನ್ನ ಮೂಗಿನ ವಿಷಯ ಹೇಳಿಬಿಟ್ಟೆ. ತರಗತಿ ಬೆಚ್ಚಿ ಬೀಳುತ್ತದೆ ಎಂದುಕೊಂಡಿದ್ದೆ. ಉದ್ದ ಜಡೆಯವಳು ಹೋಳಿಗೆ ಮುರಿಯುತ್ತ, “ನಮಗ ಗೊತ್ತಿತ್ರಿ” ಅಂದಳು.

“ಮತ್ತ ಯಾಕ ಹೇಳ್ಲಿಲ್ಲ?”

“ಕೇಳಿದ್ನಲ್ರಿ. ಸಿಟ್ಟಾದ್ರಿ.”

ಅಂದಿನಿಂದ ಎರಡು ಕಡೆ ಅಭ್ಯಾಸ ನಡೆಯಿತು. ಶಾಲೆಯಲ್ಲಿ ಮಕ್ಕಳು ಡಬ್ಬಿಯಲ್ಲಿ ಏನಾದರೂ ತಂದು ನನ್ನ ಕಣ್ಣು ಕಟ್ಟಿ ಮೂಸಿಸುತ್ತಿದ್ದರು, ನಾನು ತಪ್ಪು ಹೇಳಿ ನಗೆಪಾಟಲಾಗುತ್ತಿದ್ದೆ. ಮನೆಯಲ್ಲಿ ಮುಂಜಾನೆ ಲವಂಗ, ಏಲಕ್ಕಿ, ನಿಂಬೆ ಸಿಪ್ಪೆ, ಇಂಗು ಹಿಡಿದು ನಾನೂ ಅತ್ತೆಯೂ ಎದುರುಬದುರು ಕೂರುತ್ತಿದ್ದೆವು. ಅತ್ತೆ ನಾಲ್ಕನ್ನೂ ಮೂಸಿ, “ನನಗ ಬಿಡು, ವಯಸ್ಸಿಗೆ ಹೋದದ್ದು ಬರಂಗಿಲ್ಲ. ನಿನ್ನ ಸಲುವಾಗಿ ಕುಂತೇನಿ” ಅನ್ನುತ್ತಿದ್ದರು. ಸಾರಿನ ಉಪ್ಪನ್ನು ಚಮಚವೇ ನೋಡಿಕೊಳ್ಳುತ್ತಿತ್ತು. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಬಟ್ಟೆ ಒಣಹಾಕುವಾಗ, ಎಲ್ಲೆಂದರಲ್ಲಿ ಉಸಿರೆಳೆದು ನೋಡುತ್ತಿದ್ದೆ.

ಒಂದು ಸಂಜೆ ಅಮೀನಗಡದಲ್ಲಿ ಬಸ್ಸು ನಿಂತಿತ್ತು. ಕರದಂಟಿನ ಅಂಗಡಿಯ ಹಿಂದೆ ಎಲ್ಲೋ ಮಿಠಾಯಿಗೆ ಹಾಕುವ ಅಂಟನ್ನು ತುಪ್ಪದಲ್ಲಿ ಕರಿಯುತ್ತಿದ್ದಿರಬೇಕು. ಮೊದಲು ಬಂದದ್ದು ರಬ್ಬರ್ ಸುಟ್ಟಂಥ ಕೆಟ್ಟ ನಾತ. ಮುಖ ತಿರುಗಿಸಿಕೊಂಡೆ. ಆಮೇಲೆ, ಬಂದದ್ದು ನಾತವೆಂದು ನನಗೆ ತಿಳಿಯಿತಲ್ಲ ಎಂಬುದು ತಿಳಿಯಿತು. ಕಿಟಕಿಯ ಸರಳಿಗೆ ಹಣೆ ಒತ್ತಿ ಎಳೆದುಕೊಂಡೆ. ಅದರಡಿಯಲ್ಲಿ, ಬಹಳ ದೂರದಲ್ಲಿ, ತುಪ್ಪ. ಹೋಯಿತು. ಮತ್ತೆ ಬಂತು. ಬಸ್ಸು ಹೊರಟಾಗ ಕಂಡಕ್ಟರನಿಗೆ ನಿಲ್ಲಿಸು ಅನ್ನುವವಳಿದ್ದೆ.

ಹುನಗುಂದ ದಾಟುವ ಹೊತ್ತಿಗೆ ಸಂತೋಷ ಅರ್ಧಕ್ಕೆ ಇಳಿದಿತ್ತು. ನನಗೆ ಬಂದರೂ ಅತ್ತೆಗೆ ಬರುವುದಿಲ್ಲ. ನಮ್ಮಿಬ್ಬರ ಜೋಡಿಯನ್ನು ನಾನು ಮುರಿದು ಹೊರಟ ಹಾಗೆ ಅನ್ನಿಸಿತು. ಇನ್ನೂ ಕೆಲವು ದಿನ ಹೇಳುವುದು ಬೇಡ ಎಂದು ಗಟ್ಟಿ ಮಾಡಿಕೊಂಡೆ.

ಮನೆ ಮುಟ್ಟಿದಾಗ ಅತ್ತೆ ಸಾರಿಗೆ ಇಟ್ಟು ಸ್ಟೂಲಿನ ಮೇಲೆ ಕೂತಿದ್ದರು. ಕೈಕಾಲು ತೊಳೆದು ಒಲೆಯ ಮುಂದೆ ನಿಂತೆ. ಎಂದಿನಂತೆ ಉಗಿಯ ಮೇಲೆ ಬಾಗಿದೆ. ಏನೋ ಎಳೆಯಷ್ಟು ಬಂತು, ಜೀರಿಗೆ ಇರಬೇಕು.

“ಬಂತಲ್ಲಾ” ಅಂದರು ಅತ್ತೆ.

“ಏನ್ರಿ?”

“ಸುಳ್ಳ ಹೇಳಬ್ಯಾಡ. ಇಷ್ಟ ವರ್ಷ ನೋಡೇನಿ ಆ ಮುಖಾ.”

ನನ್ನ ಕಣ್ಣು ತುಂಬಿತು. “ನಿಮಗ ಬರ್ಲಿಲ್ಲಲ್ರಿ ಅತ್ತಿ” ಅಂದೆ.

“ನಿನಗ ಬಂತಂದ್ರ ನನಗೂ ಬಂದಂಗ. ಮೊದಲೂ ಹಂಗ ಇತ್ತಲ್ಲ?” ಅವರು ಸ್ಟೂಲನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು. “ಹೇಳು, ಉಪ್ಪು ಹೆಂಗೈತಿ?”

ಅಷ್ಟು ತಿಳಿಯುವಷ್ಟು ಇನ್ನೂ ಬಂದಿರಲಿಲ್ಲ, ಹಾಗೆಂದೆ.

“ಮತ್ತೊಮ್ಮೆ ನೋಡು.”

ನಾನು ಮತ್ತೆ ಬಾಗಿದೆ. ಅತ್ತೆ ನನ್ನ ಮುಖವನ್ನೇ ನೋಡುತ್ತ ಕಾದರು.